ಕುರ್ಲಾದ ಕಾರು, ಆಡುಗೋಡಿಯ ಕಿಡಿ

ಮುಂಬಯಿಯ ಕನ್ನಡಿಗರಿಗೆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ಪರಿಚಯ ಹೇಳಬೇಕಾಗಿಲ್ಲ. ಊರಿನಿಂದ ಬಂದಿಳಿದಾಗ ಹಾಸಿಗೆ, ಟ್ರಂಕುಗಳೊಡನೆ ನಮ್ಮಲ್ಲಿ ಎಷ್ಟೋ ಮಂದಿಯನ್ನು ಮನೆ ಮುಟ್ಟಿಸಿದ್ದು ಅದೇ. ಪವಾಯಿಯಲ್ಲಿರುವ ನಮಗೆ ಅದು ಹುಟ್ಟಿದ ಕುರ್ಲಾ ನೆರೆಯೂರು. ಆದರೆ ಆ ಕಾರಿಗೂ ಕನ್ನಡನಾಡಿಗೂ ಇರುವ ನಂಟು ಹೆಚ್ಚು ಜನರಿಗೆ ತಿಳಿದಿರಲಾರದು.

ಭಾರತದಲ್ಲೇ ಕಾರು ತಯಾರಾಗಬೇಕೆಂದು ಮೊದಲು ಪಟ್ಟು ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. 1935ರಲ್ಲಿ ಅವರು ಇದಕ್ಕಾಗಿಯೇ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲೇ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದಿತು; ಕಾರಿನ ಕಾರ್ಖಾನೆ ಮಾತ್ರ 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ ಮೂಲಕ ಕುರ್ಲಾದ ಪಾಲಾಯಿತು. ಮುಂದೆ ಅಲ್ಲಿಂದಲೇ ಫಿಯೆಟ್ 1100 ಹೊರಬಂದಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು.

ಬೆಂಗಳೂರು ಬರಿಗೈಯಲ್ಲಿ ಉಳಿಯಲಿಲ್ಲ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ 'ಮೈಕೊ', ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸತೊಡಗಿತು. ಅದರ ಹಿಂದಿದ್ದ ಜರ್ಮನಿಯ ಬಾಷ್ ಸಂಸ್ಥೆಯ ಇಂಜಿನಿಯರ್ ಹೊನೋಲ್ಡ್, ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ 1902ರಲ್ಲೇ ರೂಪಿಸಿದ್ದ. 1910ರ ಸುಮಾರಿಗೆ ಅಮೆರಿಕದ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಏರ್ಪಾಟನ್ನು ಬಳಕೆಗೆ ತಂದ. ಪದ್ಮಿನಿಯಲ್ಲಿದ್ದುದು ಅದೇ ಏರ್ಪಾಟು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ; ಡಿಸ್ಟ್ರಿಬ್ಯೂಟರ್ ಅದನ್ನು ನಾಲ್ಕು ತಂತಿಗಳಿಗೆ 1-3-4-2ರ ಸರದಿಯಲ್ಲಿ ಹಂಚುತ್ತದೆ.

ಈ ತಂತಿಗಳ ಹೊದಿಕೆ ಇಂಜಿನ್ನಿನ ಕಾವಿಗೆ ಒಣಗಿ ಬಿರಿಯುತ್ತದೆ. ಪವಾಯಿಯ ಮಳೆಗಾಲದಲ್ಲಿ ಬಿರುಕಿಗೆ ತೇವ ಸೇರಿದರೆ ವಿದ್ಯುತ್ತು ಪ್ಲಗ್ಗನ್ನು ಮುಟ್ಟುವ ಮೊದಲೇ ಸೋರಿಹೋಗುತ್ತದೆ. ಗಾಡಿ ಕೆಮ್ಮಿ ನಿಲ್ಲುತ್ತದೆ. ಆಗ ಹೊಸ ಪ್ಲಗ್ ಹಾಕಿದರೂ ಪ್ರಯೋಜನವಿಲ್ಲ. ಬಲ್ಲ ಮೆಕ್ಯಾನಿಕ್ಕು ಎಲ್ಲ ತಂತಿಗಳನ್ನೂ ಒಮ್ಮೆಗೇ ಕೀಳುತ್ತಿರಲಿಲ್ಲ. ಒಂದನ್ನು ತೆಗೆದು, ಅಷ್ಟೇ ಉದ್ದದ ಹೊಸದನ್ನು ಅದೇ ಜಾಗಕ್ಕೆ ಕೂರಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದ. ಸರದಿ ತಪ್ಪಿದರೆ ಇಂಜಿನ್ ಸರಿಯಾಗಿ ಓಡದು. ಜೊತೆಗೆ ಸವೆದ ಪಾಯಿಂಟು, ಕಂಡೆನ್ಸರುಗಳನ್ನೂ ಬದಲಿಸಿ ಸಂದು ಅಳೆದು ಕೂರಿಸಿದರೆ ಕೆಲಸ ಮುಗಿಯಿತು. ಇದಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ; ಪಾನಾ, ಸ್ಕ್ರೂಡ್ರೈವರ್, ಫೀಲರ್ ಗೇಜುಗಳೊಡನೆ ಅನುಭವವಿದ್ದರೆ ಸಾಕಿತ್ತು.

2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬಯಿ ರಸ್ತೆಗಳಲ್ಲಿಲ್ಲ. 2008ರಲ್ಲಿ ಮೈಕೊ ಹೆಸರೂ ಬಾಷ್ ಎಂದು ಬದಲಾಯಿತು. ಇಂದಿನ ಅನೇಕ ಕಾರುಗಳಲ್ಲಿ ಪ್ಲಗ್ಗಿನ ತಲೆಯ ಮೇಲೆಯೇ ಕಾಯಿಲ್ ಕೂತಿರುವುದರಿಂದ ಬದಲಿಸಲು ತಂತಿಗಳೇ ಇಲ್ಲ. ಹೀಗಾಗಿ ರಸ್ತೆಬದಿಯ ಆ ಕೈಚಳಕವೂ ಕಣ್ಮರೆಯಾಗುತ್ತಿದೆ. ನಮ್ಮ ಮಕ್ಕಳಿಗೆ ಒಂದು ಸಂಗತಿಯಾದರೂ ತಿಳಿದಿರಲಿ: ನಮ್ಮವರೊಬ್ಬರು ಕಂಡ ಕನಸು ಕುರ್ಲಾದಲ್ಲಿ ಕಾರಾಯಿತು, ಕಾರುಗಳಿಗೆ ಬೇಕಾದ ಕಿಡಿಯ ಸಾಮಾನು ಆಡುಗೋಡಿಯ ಕೈಗಳಲ್ಲಿ ರೂಪುಗೊಂಡಿತು.