ಆಫ್ಟರ್‌ಶೇವ್

ಗಡ್ಡ ತೆಗೆದ ಮೇಲೆ ಚರ್ಮದ ಉರಿ ತಗ್ಗಿಸಲು, ಸಣ್ಣ ಗೀರುಗಳಿಂದ ಜಿನುಗುವ ರಕ್ತ ನಿಲ್ಲಿಸಲು, ಮುಖಕ್ಕೆ ಪರಿಮಳ ಕೊಡಲು ಬಳಸುವ ಹರಳು, ದ್ರಾವಣ, ಬಾಮ್ ಮತ್ತು ಎಣ್ಣೆಗಳ ಸಾಮಾನ್ಯ ಹೆಸರು. ಭಾರತದ ಕ್ಷೌರದಂಗಡಿಗಳ ಪಟಿಕ, ಉತ್ತರ ಅಮೆರಿಕದ ವಿಚ್ ಹೇಜಲ್, ಕೆರಿಬಿಯನ್ ದ್ವೀಪಗಳ ಬೇ ರಮ್, ಜರ್ಮನಿಯಲ್ಲಿ ಹುಟ್ಟಿ ತುರ್ಕಿಯಲ್ಲಿ ಮನೆಮಾತಾದ ಕೊಲೋನ್ ಇವುಗಳಲ್ಲಿ ಹಳೆಯವು. ಇವೆಲ್ಲ ಮಾಡುವ ಕೆಲಸ ಒಂದೇ ಅಲ್ಲ. ಕೆಲವು ಚರ್ಮವನ್ನು ಬಿಗಿಸುತ್ತವೆ, ಕೆಲವು ತಂಪಿನ ಅನುಭವ ಕೊಡುತ್ತವೆ, ಕೆಲವು ತೇವ ಉಳಿಸುತ್ತವೆ, ಕೆಲವು ಬರೀ ಪರಿಮಳಕ್ಕಾಗಿ. ಹಚ್ಚಿದಾಗ ಹೆಚ್ಚು ಉರಿದಷ್ಟೂ ಹೆಚ್ಚು ಒಳ್ಳೆಯದು ಎಂಬ ನಂಬಿಕೆ ಬಹಳ ಕಡೆ ಇದೆ, ಅದಕ್ಕೆ ಆಧಾರವಿಲ್ಲ. ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕತ್ತಿ ಆಡಿದ ಮೇಲೆ ನನ್ನ ಚರ್ಮಕ್ಕೆ ಯಾವುದರ ಕೊರತೆಯಾಗಿದೆ?

ಕ್ಷೌರದ ನಂತರದ ಚರ್ಮ

ಬ್ಲೇಡು ಕೂದಲಿನ ಜೊತೆಗೆ ಚರ್ಮದ ಹೊರಪದರವನ್ನೂ ಅಲ್ಲಲ್ಲಿ ತೆಳ್ಳಗೆ ಕೆರೆದುಕೊಂಡು ಹೋಗುತ್ತದೆ. ಈ ಪದರ ಒಳಗಿನ ನೀರು ಆವಿಯಾಗದಂತೆ ತಡೆಯುವ ಗೋಡೆ. ಅದು ತೆಳುವಾದಾಗ ಚರ್ಮ ಬೇಗ ಒಣಗುತ್ತದೆ, ಬಿಗಿದಂತಾಗುತ್ತದೆ, ಹೊರಗಿನ ವಸ್ತುಗಳು ಸುಲಭವಾಗಿ ಒಳಗಿಳಿದು ಕೆರಳಿಸುತ್ತವೆ. ಸೋಪಿನ ಪರಿಣಾಮ ಬೇರೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ 5ರ ಆಸುಪಾಸು. ಸಾಂಪ್ರದಾಯಿಕ ಶೇವಿಂಗ್ ಸೋಪು ಕ್ಷಾರೀಯ, ಪಿಎಚ್ 9ರಿಂದ 10. ನೊರೆ ಕೂದಲನ್ನು ಮೆದುಗೊಳಿಸುವಾಗಲೇ ಚರ್ಮದ ಸಹಜ ಜಿಡ್ಡನ್ನೂ ತೊಳೆದುಬಿಡುತ್ತದೆ. ಹೀಗಾಗಿ ಕ್ಷೌರ ಮುಗಿದ ಮುಖಕ್ಕೆ ಬೇಕಾಗುವುದು ಮೂರು: ಗೀರುಗಳು ಮುಚ್ಚಬೇಕು, ಸೋಪಿನ ಅಂಶ ಪೂರ್ತಿ ಹೋಗಬೇಕು, ಕಳೆದ ತೇವ ಮರಳಬೇಕು. ಈ ಮೂರನ್ನೂ ಒಂದೇ ಬಾಟಲಿ ಮಾಡಿಕೊಡುವುದು ಅಪರೂಪ.

ಪಟಿಕ

ಸ್ಫಟಿಕ, ಪಟಿಕಾರ, ಆಲಂ ಎಂದೂ ಕರೆಯುವ ಇದು ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಜೋಡಿ ಸಲ್ಫೇಟ್. ಹರಳಿನ ಪ್ರತಿ ಘಟಕದಲ್ಲಿ 12 ನೀರಿನ ಅಣುಗಳಿರುತ್ತವೆ. ಸುಮಾರು 92 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನದೇ ನೀರಿನಲ್ಲಿ ಕರಗುತ್ತದೆ. ಬಾಣಲೆಯಲ್ಲಿ ಇನ್ನಷ್ಟು ಕಾಯಿಸಿದರೆ ನೀರು ಕಳೆದುಕೊಂಡು ಬಿಳಿಯ ಹಗುರ ಮುದ್ದೆಯಾಗಿ ಉಬ್ಬುತ್ತದೆ. ಆಯುರ್ವೇದದ ರಸಶಾಸ್ತ್ರ ಇದನ್ನು ಕಾಂಕ್ಷಿ, ತುವರಿ, ಸೌರಾಷ್ಟ್ರಿ ಎಂಬ ಹೆಸರುಗಳಿಂದ ಗುರುತಿಸುತ್ತದೆ. ಕೆಸರು ನೀರು ತಿಳಿಗೊಳಿಸಲು, ಬಟ್ಟೆಗೆ ಬಣ್ಣ ಹಿಡಿಸಲು, ತೊಗಲು ಹದಮಾಡಲು ಬಳಕೆಯಾಗುತ್ತ ಬಂದ ಈ ಖನಿಜ ಕರ್ನಾಟಕದ ಗ್ರಂಧಿಗೆ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ದೃಷ್ಟಿ ತಾಗದಿರಲೆಂದು ಅಂಗಡಿಯ ಬಾಗಿಲಿಗೆ ಕಟ್ಟುವುದೂ ಇದನ್ನೇ.

ಇದರ ಗುಣವನ್ನು ಕನ್ನಡದ ‘ಒಗರು’ ಎಂಬ ಮಾತು ಚೆನ್ನಾಗಿ ಹಿಡಿಯುತ್ತದೆ. ಹಸಿ ಅಡಿಕೆ ಅಥವಾ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಬಿಗಿದಂತಾಗುವುದು ಅದರ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ. ಪಟಿಕದ ಅಲ್ಯೂಮಿನಿಯಂ ಅಯಾನುಗಳು ಚರ್ಮದ ಮೇಲೂ ಇದೇ ಬಗೆಯ ಕೆಲಸ ಮಾಡುತ್ತವೆ. ಗೀರಿನ ಬಾಯಲ್ಲಿರುವ ಪ್ರೋಟೀನು ಹೆಪ್ಪುಗಟ್ಟುತ್ತದೆ, ಮೇಲ್ಮೈ ಬಿಗಿಯುತ್ತದೆ, ಜಿನುಗು ನಿಲ್ಲುತ್ತದೆ. ದ್ರಾವಣ ಆಮ್ಲೀಯವಾದ್ದರಿಂದ ಸೋಪಿನ ಕ್ಷಾರವನ್ನೂ ತಗ್ಗಿಸುತ್ತದೆ. ಆದರೆ ತೇವ ಕೊಡುವ ಗುಣ ಇದಕ್ಕಿಲ್ಲ.

ಕ್ಷೌರದಂಗಡಿಯ ಹಳೆಯ ಪಟಿಕದ ಗಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ನಡುವೆ ಸವೆದು, ಅಂಚು ದುಂಡಗಾಗಿ, ಒದ್ದೆಯಾದಾಗ ಕಲ್ಲುಸಕ್ಕರೆಯಂತೆ ಅರೆಪಾರದರ್ಶಕವಾಗಿ ಕಾಣುತ್ತದೆ. ಕೈ ಪಳಗಿದವರು ಅದನ್ನು ನೀರಲ್ಲಿ ಅದ್ದಿ ಕೆನ್ನೆಯ ಮೇಲೆ ಒತ್ತದೆ ಜಾರಿಸುತ್ತಾರೆ. ಎಲ್ಲ ಕಡೆಯೂ ಒಂದೇ ಸಮ ಉರಿಯುವುದಿಲ್ಲ. ಗದ್ದದ ಕೆಳಗೆ, ಗಂಟಲ ಪಕ್ಕದಲ್ಲಿ, ಮೂಗಿನ ಕೆಳಗೆ ಹೆಚ್ಚು ಚುರುಗುಟ್ಟುತ್ತದೆ. ಬ್ಲೇಡು ಹೆಚ್ಚು ಒತ್ತಿದ್ದು, ಒಂದೇ ಜಾಗದಲ್ಲಿ ಹಲವು ಸಲ ಓಡಿದ್ದು ಅಲ್ಲಿಯೇ. ಮನೆಯಲ್ಲಿ ಶೇವ್ ಮಾಡಿಕೊಳ್ಳುವವರಿಗೆ ಇದು ದೊಡ್ಡ ಉಪಕಾರ. ಇಂದು ಉರಿದ ಜಾಗದಲ್ಲಿ ನಾಳೆ ಕೈ ಹಗುರ ಮಾಡಿದರೆ ಕೆಲವೇ ವಾರಗಳಲ್ಲಿ ಉರಿ ತಾನಾಗಿ ಇಳಿಯುತ್ತದೆ. ಹಚ್ಚಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ತಣ್ಣೀರಿನಲ್ಲಿ ತೊಳೆಯಬೇಕು. ತೊಳೆಯದೆ ಬಿಟ್ಟರೆ ಒಣ ಚರ್ಮ ಇನ್ನಷ್ಟು ಬಿರುಸಾಗುತ್ತದೆ. ಬಳಸಿದ ಗಟ್ಟಿಯನ್ನು ಒರೆಸಿ ಒಣಗಿಸಿಡಬೇಕು. ನೀರು ನಿಂತರೆ ಕರಗಿ ಅಂಚು ಮೊನಚಾಗುತ್ತದೆ.

ಗೀರಿನ ತುದಿಗಷ್ಟೇ ತಾಗಿಸಲು ಮಾಡಿದ ಸ್ಟಿಪ್ಟಿಕ್ ಪೆನ್ಸಿಲ್‌ನಲ್ಲಿಯೂ ಇರುವುದು ಪಟಿಕ ಅಥವಾ ಅಲ್ಯೂಮಿನಿಯಂ ಸಲ್ಫೇಟ್. ಅದು ಹೆಚ್ಚು ತೀಕ್ಷ್ಣ. ಮುಖಕ್ಕೆಲ್ಲ ಸವರುವಂಥದ್ದಲ್ಲ.

ವಿಚ್ ಹೇಜಲ್

ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಬೆಳೆಯುವ ಹ್ಯಾಮಮೆಲಿಸ್ ವರ್ಜಿನಿಯಾನ ಎಂಬ ಪೊದೆಗಿಡದ ಕೊಂಬೆಗಳಿಂದ ಇಳಿಸಿದ ಬಟ್ಟಿನೀರು ಇದು. ಎಲೆ ಉದುರುವ ಕಾಲದಲ್ಲಿ ಹಳದಿ ಹೂ ಬಿಡುವ ಈ ಗಿಡದ ಕಷಾಯವನ್ನು ಅಲ್ಲಿನ ಮೂಲನಿವಾಸಿಗಳು ಊತಕ್ಕೆ, ಗಾಯಕ್ಕೆ ಹಚ್ಚುತ್ತಿದ್ದರು. 19ನೇ ಶತಮಾನದ ನಡುಭಾಗದಿಂದ ಕನೆಟಿಕಟ್ ರಾಜ್ಯ ಇದರ ಬಟ್ಟಿ ಉದ್ಯಮದ ನೆಲೆಯಾಯಿತು. ತೊಗಟೆಯಲ್ಲಿ ಒಗರಿನ ಟ್ಯಾನಿನ್ ಧಾರಾಳವಾಗಿದೆ. ಆದರೆ ಅದು ಆವಿಯೊಂದಿಗೆ ಮೇಲೇರುವುದು ಕಡಿಮೆ. ಆದ್ದರಿಂದ ಬಟ್ಟಿ ಇಳಿಸಿದ ವಿಚ್ ಹೇಜಲ್‌ನಲ್ಲಿ ಬಿಗಿಸುವ ಗುಣದ ಒಂದು ಪಾಲು ಅದಕ್ಕೆ ಬೆರೆಸುವ ಮದ್ಯಸಾರದ್ದು. ಸಾಮಾನ್ಯವಾಗಿ ಇದರ ಪ್ರಮಾಣ ಶೇ. 14. ಮದ್ಯಸಾರವಿಲ್ಲದ ಬಗೆಗಳೂ ದೊರೆಯುತ್ತವೆ. ಪಟಿಕಕ್ಕಿಂತ ಸೌಮ್ಯವಾದದ್ದು ಬೇಕೆನ್ನುವ ಎಣ್ಣೆಚರ್ಮದವರಿಗೆ ಇದು ಹೊಂದುತ್ತದೆ.

ಬೇ ರಮ್ ಮತ್ತು ಕೊಲೋನ್

ಬೇ ರಮ್‌ನ ಮೂಲ ಪಿಮೆಂಟ ರೇಸಿಮೋಸ ಎಂಬ ಕೆರಿಬಿಯನ್ ಮರದ ಎಲೆ. ನಮ್ಮ ಪಲಾವಿನ ಎಲೆಗೂ ಇದಕ್ಕೂ ಸಂಬಂಧವಿಲ್ಲ. ಎಲೆಗಳನ್ನು ರಮ್‌ನೊಂದಿಗೆ ಬಟ್ಟಿ ಇಳಿಸಿ ಮೈಗೆ ಹಚ್ಚುವ ರೂಢಿ ಅಲ್ಲಿತ್ತು. ಆಗ ಡೆನ್ಮಾರ್ಕಿನ ವಶದಲ್ಲಿದ್ದ ಸೇಂಟ್ ಥಾಮಸ್ ದ್ವೀಪದಲ್ಲಿ 1838ರಲ್ಲಿ ಔಷಧದಂಗಡಿ ತೆರೆದ ಆಲ್ಬರ್ಟ್ ಹೈನ್ರಿಕ್ ರೀಸ ಇದನ್ನು ವ್ಯಾಪಾರದ ಸರಕಾಗಿ ಬೆಳೆಸಿದ. ಮುಂದೆ ಅಮೆರಿಕದ ಕ್ಷೌರದಂಗಡಿಗಳ ಗುರುತಿನ ವಾಸನೆಯೇ ಇದಾಯಿತು. ಅದರ ಘಮಕ್ಕೆ ಮುಖ್ಯ ಕಾರಣ ಯೂಜಿನಾಲ್, ಲವಂಗದ ವಾಸನೆಗೂ ಕಾರಣವಾದ ವಸ್ತು. ಸೂಕ್ಷ್ಮ ಚರ್ಮದವರಿಗೆ ಇದೇ ಯೂಜಿನಾಲ್ ಅಲರ್ಜಿ ತರಬಹುದು.

ಜರ್ಮನಿಯ ಕೊಲೋನ್ ನಗರದಲ್ಲಿ 1709ರಲ್ಲಿ ಆರಂಭವಾದ ಫರೀನಾ ಮನೆತನದ ವ್ಯಾಪಾರದಿಂದ ‘ಕೊಲೋನ್ ನೀರು’ ಪ್ರಸಿದ್ಧವಾಯಿತು. ನಿಂಬೆ, ಕಿತ್ತಳೆ ಜಾತಿಯ ಹಣ್ಣುಗಳ ಎಣ್ಣೆಯನ್ನು ಮದ್ಯಸಾರದಲ್ಲಿ ಕರಗಿಸಿದ ಈ ಸುಗಂಧ ತುರ್ಕಿಯಲ್ಲಿ ಕೊಲೋನ್ಯ ಎನಿಸಿ, ಅತಿಥಿಯ ಅಂಗೈಗೆ ಸುರಿಯುವ ಸತ್ಕಾರವೂ ಕ್ಷೌರ ಮುಗಿದ ಕೆನ್ನೆಗೆ ತಟ್ಟುವ ದ್ರಾವಣವೂ ಆಯಿತು. ಅದರಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 80ರಷ್ಟು.

ಬಾಟಲಿಯ ಕಾಲ

ಕಾರ್ಖಾನೆಯ ಆಫ್ಟರ್‌ಶೇವ್ 20ನೇ ಶತಮಾನದ್ದು. ಅಮೆರಿಕದ ಜೆ. ಬಿ. ವಿಲಿಯಮ್ಸ್ ಕಂಪನಿ 1917ರಲ್ಲಿ ಆಕ್ವಾ ವೆಲ್ವ ತಂದಿತು. ಶುಲ್ಟನ್ ಕಂಪನಿ 1937ರಲ್ಲಿ ಓಲ್ಡ್ ಸ್ಪೈಸ್ ಹೆಸರನ್ನು ಮೊದಲು ಹೆಂಗಸರ ಸುಗಂಧಕ್ಕೆ ಇಟ್ಟು, ಮರುವರ್ಷ ಗಂಡಸರ ಸಾಮಗ್ರಿಗೂ ಬಳಸಿತು. ಹಾಯಿ ಹಡಗಿನ ಚಿತ್ರವಿರುವ ಆ ಬಾಟಲಿ ಭಾರತದ ಮನೆಗಳಲ್ಲಿಯೂ ಬಹುಕಾಲದ ಪರಿಚಯ. ಇಟಲಿಯ ಪ್ರೊರಾಸೊ ನೀಲಗಿರಿ ಎಣ್ಣೆ ಮತ್ತು ಮೆಂಥಾಲ್‌ಗೆ ಹೆಸರಾಯಿತು.

ಈ ದ್ರಾವಣಗಳ ಉರಿಗೆ ಕಾರಣ ಮದ್ಯಸಾರ. ಚರ್ಮದ ನರತುದಿಗಳಲ್ಲಿ ಬಿಸಿಯನ್ನು ಗ್ರಹಿಸುವ ಒಂದು ಗ್ರಾಹಕವಿದೆ. ಸುಮಾರು 42 ಡಿಗ್ರಿ ದಾಟಿದಾಗ ಅದು ಸುಡುವ ಸೂಚನೆ ಕಳಿಸುತ್ತದೆ. ಮದ್ಯಸಾರ ತಾಗಿದಾಗ ಈ ಮಿತಿ ಸುಮಾರು 34ಕ್ಕೆ ಇಳಿದು ಮೈಬಿಸಿಯೇ ಬೆಂಕಿಯಂತೆ ಭಾಸವಾಗುತ್ತದೆ. ಮೆಂಥಾಲ್ ಇದಕ್ಕೆ ತಿರುಗುಮುರುಗು. ಅದು ತಂಪನ್ನು ಗ್ರಹಿಸುವ ಗ್ರಾಹಕವನ್ನು ಎಬ್ಬಿಸುತ್ತದೆ, ಚರ್ಮದ ಉಷ್ಣಾಂಶ ಇಳಿಯದಿದ್ದರೂ ತಣ್ಣಗೆನಿಸುತ್ತದೆ. ಎರಡೂ ನರಗಳ ಮಾತು. ಗಾಯ ಮಾಗುತ್ತಿದೆ ಎಂಬುದಕ್ಕೆ ಯಾವುದೂ ಸಾಕ್ಷಿಯಲ್ಲ.

ಬಾಮ್ ಮತ್ತು ಮನೆಯ ಸಾಮಗ್ರಿ

ಆಫ್ಟರ್‌ಶೇವ್ ಬಾಮ್ ಎಂದರೆ ತಲೆನೋವಿನ ಬಾಮ್ ಅಲ್ಲ. ಗ್ಲಿಸರಿನ್, ಲೋಳೆಸರ, ಕೊಬ್ಬಿನ ಅಂಶ ಬೆರೆತ ತೆಳು ಕ್ರೀಮು. ಕಳೆದ ತೇವವನ್ನು ಮರಳಿ ಕೊಟ್ಟು ಹಿಡಿದಿಡುವುದು ಇದೇ. ಮನೆಯಲ್ಲಿ ಲೋಳೆಸರ ಬಳಸುವವರು ಎಲೆ ಕತ್ತರಿಸಿ ನಿಲ್ಲಿಸಿ, ಸಿಪ್ಪೆಯಡಿಯ ಹಳದಿ ರಸ ಪೂರ್ತಿ ಸೋರಿದ ಮೇಲೆ ಒಳಗಿನ ತಿಳಿ ತಿರುಳನ್ನಷ್ಟೇ ಹಚ್ಚಬೇಕು. ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಪನ್ನೀರು ತಂಪು, ಹಗುರ, ಆದರೆ ತೇವವನ್ನು ಹಿಡಿದಿಡದು. ಕೊಬ್ಬರಿ ಎಣ್ಣೆಯ ಒಂದೆರಡು ಹನಿ ಒಣ ಚರ್ಮಕ್ಕೆ ಹಿತ. ಮೊಡವೆ ಇರುವವರಿಗೆ ಸಲ್ಲದು. ಟಾಲ್ಕಂ ಪೌಡರ್ ಪಸೆ ಹೀರಿ ಕೆಂಪನ್ನು ಮರೆಸುತ್ತದೆ, ಅಷ್ಟೇ. ನಿಂಬೆರಸ ಹಚ್ಚಬಾರದು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಶ್ರೀಗಂಧಕ್ಕೆ ಇಲ್ಲಿ ವಿಶೇಷ ಸ್ಥಾನ. ಸಾಣೆಕಲ್ಲಿನ ಮೇಲೆ ತೇದ ಗಂಧ ನಮ್ಮಲ್ಲಿ ಬೇಸಿಗೆಯ ಲೇಪ. ಲಂಡನ್ನಿನ ಹಳೆಯ ಕ್ಷೌರದ ಮನೆಗಳ ಆಫ್ಟರ್‌ಶೇವ್‌ಗಳಲ್ಲೂ ಅದು ಮೆಚ್ಚಿನ ಪರಿಮಳ. ಮೊದಲ ಮಹಾಯುದ್ಧದಿಂದ ಗಂಧದ ಕೊರಡಿನ ರಫ್ತಿಗೆ ತಡೆಯಾದಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ಇಳಿಸಲು ಆರಂಭಿಸಿತು. ಇಂದು ಗಂಧದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ದ್ರಾವಣಗಳಲ್ಲಿ ಇರುವುದು ಕೃತಕ ಪರಿಮಳ. ಅಸಲಿ ಎಣ್ಣೆ ಇದ್ದರೆ ಪಟ್ಟಿಯಲ್ಲಿ ಸ್ಯಾಂಟಲಮ್ ಆಲ್ಬಮ್ ಎಂಬ ಸಸ್ಯನಾಮ ಸಾಮಾನ್ಯವಾಗಿ ಕಾಣುತ್ತದೆ.

ಆಯ್ಕೆ

ಒಣ ಚರ್ಮ: ಮದ್ಯಸಾರವಿಲ್ಲದ ಬಾಮ್. ಪಟಿಕ ಬೇಕೆನಿಸಿದರೆ ಗೀರಿಗೆ ಮಾತ್ರ.

ಎಣ್ಣೆಚರ್ಮ: ಪಟಿಕ ಅಥವಾ ವಿಚ್ ಹೇಜಲ್, ನಂತರ ಜಿಡ್ಡಿಲ್ಲದ ಹಗುರ ಜೆಲ್.

ಸೂಕ್ಷ್ಮ ಚರ್ಮ: ಪರಿಮಳವಿಲ್ಲದ್ದು. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಬದಿಯಲ್ಲಿ ದಿನಕ್ಕೆರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡುವುದು ಕ್ಷೇಮ.

ಗುಂಗುರು ಗಡ್ಡ: ಕತ್ತರಿಸಿದ ಕೂದಲು ಬಾಗಿ ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಯಾವ ಆಫ್ಟರ್‌ಶೇವೂ ಇದನ್ನು ಪೂರ್ತಿ ತಡೆಯದು. ಬುಡಮಟ್ಟ ಬೋಳಿಸುವುದನ್ನು ಬಿಟ್ಟು ಟ್ರಿಮ್ಮರ್ ಬಳಸುವುದು ಉತ್ತಮ.

ಲೇಬಲ್ಲಿನಲ್ಲಿ ಘಟಕಗಳ ಹೆಸರು ಸಾಮಾನ್ಯವಾಗಿ ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತದೆ. ಮೊದಲ ಹೆಸರೇ ಆಲ್ಕೋಹಾಲ್ ಆಗಿದ್ದರೆ ಅದು ಮುಖ್ಯವಾಗಿ ಸುಗಂಧ. ನೀರು, ಗ್ಲಿಸರಿನ್ ಮೊದಲಿದ್ದರೆ ಆರೈಕೆ.

ಎಚ್ಚರಿಕೆ

ಒಂದೇ ಪಟಿಕದ ಗಟ್ಟಿಯನ್ನು ಒಬ್ಬರ ನಂತರ ಒಬ್ಬರ ಮುಖಕ್ಕೆ ಉಜ್ಜುವ ಪದ್ಧತಿ ನಿಲ್ಲಬೇಕು. ಪಟಿಕ ರಕ್ತ ನಿಲ್ಲಿಸುತ್ತದೆ, ಆದರೆ ರೋಗಾಣುಗಳಿಂದ ರಕ್ಷಣೆ ಕೊಡುತ್ತದೆಂದು ನಂಬುವಂತಿಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಇರಬಲ್ಲದು. ಹೊಸ ಬ್ಲೇಡು ಕೇಳುವ ಗಿರಾಕಿ ಪಟಿಕದ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟಾಗಿರಬೇಕು. ತನ್ನದೇ ತುಂಡನ್ನು ಜೇಬಿನಲ್ಲಿ ಒಯ್ಯುವುದರಲ್ಲಿ ಸಂಕೋಚ ಬೇಡ. ಕೀವುಗುಳ್ಳೆ, ವಾರ ಕಳೆದರೂ ಇಳಿಯದ ಕೆಂಪು, ಗಟ್ಟಿಯಾಗುತ್ತ ಹೋಗುವ ಗಂಟು ಕಂಡರೆ ಚರ್ಮವೈದ್ಯರನ್ನು ಕಾಣಬೇಕು.

ಪ್ರತಿದಿನವೂ ಉರಿಯುವ ಮುಖಕ್ಕೆ ಬಾಟಲಿ ಬದಲಿಸಿ ಪ್ರಯೋಜನವಿಲ್ಲ. ಗಡ್ಡವನ್ನು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸುವುದು, ಹರಿತವಾದ ಬ್ಲೇಡು, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರ ಕೈ: ಮೊದಲು ಸರಿಯಾಗಬೇಕಾದವು ಇವು. ಇಷ್ಟು ಸರಿಹೋದ ಮುಖಕ್ಕೆ ಪಟಿಕ ತಾಗಿಸಿದಾಗ ಅದು ತಣ್ಣಗೆ ಜಾರಿಹೋಗುತ್ತದೆ.