ಬಚ್ಚಲೊಲೆಯಿಂದ ಮೈಕ್ರೊಕಂಟ್ರೋಲರಿನವರೆಗೆ

ಮೈಸೂರು ಸಂಸ್ಥಾನದ ವಿದ್ಯುಚ್ಛಕ್ತಿಯ ಚರಿತ್ರೆ ಸಾಮಾನ್ಯವಾಗಿ ಜಲಪಾತದಿಂದ ಆರಂಭವಾಗಿ ಬೀದಿದೀಪದಲ್ಲಿ ಮುಗಿಯುವುದುಂಟು. 1902ರಲ್ಲಿ ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಿತು. ಅದೇ ಶಕ್ತಿಯು ಬಚ್ಚಲುಮನೆಯನ್ನು ಪ್ರವೇಶಿಸಿದ ಬಗೆಯೂ ಇತಿಹಾಸದ ವಿಷಯವೇ ಆಗಿದೆ.

ಹಳೆಯ ಮನೆಗಳಲ್ಲಿ ಹಂಡೆಯ ನೀರು ಸೌದೆಯ ಒಲೆಯಿಂದ ಕಾಯುತ್ತಿದ್ದಿತು. ಉರಿಯನ್ನು ಹೆಚ್ಚಿಸುವುದು, ಕೊಳ್ಳಿಯನ್ನು ಹಿಂದೆಗೆಯುವುದು, ತಣ್ಣೀರು ಬೆರೆಸುವುದು, ಇವೆಲ್ಲಕ್ಕೂ ಒಬ್ಬರ, ಬಹುಮಟ್ಟಿಗೆ ಗೃಹಿಣಿಯ, ಎಚ್ಚರವೇ ಆಧಾರ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ ಅನಂತರ ಬೆಳೆದ ಬನಶಂಕರಿಯೂ ಒಲೆಯಿಂದ ಗೀಸರಿಗೆ ಸಾಗಿದ ಬಡಾವಣೆಗಳು. ರಾಜ್ಯದ ವಿದ್ಯುತ್ ದರಪಟ್ಟಿಯಲ್ಲಿ ಕಾಣುವ ಎ.ಇ.ಎಚ್., ಎಂದರೆ ಆಲ್ ಎಲೆಕ್ಟ್ರಿಕ್ ಹೋಂ, ಎಂಬ ವರ್ಗವೇ ಈ ಪಲ್ಲಟಕ್ಕೆ ದಾಖಲೆ.

ಗೀಸರು ಮೊದಲ ಕಾವಲುಗಾರನನ್ನು ತಂದಿತು. ನಿಗದಿಯಾದ ಉಷ್ಣತೆಗೆ ತಾನಾಗಿಯೇ ಸಂಪರ್ಕ ಕಡಿಯುವ ಥರ್ಮೊಸ್ಟಾಟೇ ಅದು. 2,000 ವಾಟಿನ ಹೀಟರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 15 ಲೀಟರು ನೀರನ್ನು 20ರಿಂದ 60 ಡಿಗ್ರಿ ಸೆಂಟಿಗ್ರೇಡಿಗೇರಿಸಲು, ನಷ್ಟವನ್ನು ಬಿಟ್ಟರೆ, 0.7 ಯೂನಿಟ್ ಶಕ್ತಿಯೂ 21 ನಿಮಿಷವೂ ಬೇಕು.

1970ರ ದಶಕದಲ್ಲಿ ಹುಟ್ಟಿದ ಮೈಕ್ರೊಕಂಟ್ರೋಲರು ಎರಡನೆಯ ಕಾವಲುಗಾರ. ಐದು ವೋಲ್ಟಿಗೂ ಮೀರದ, ಕೆಲವೇ ಮಿಲಿಆಂಪಿಯರಿನ ಈ ಚಿಪ್ಪು ಅಂಥ ಪ್ರವಾಹವನ್ನು ತಾನೇ ತಾಳಲಾರದು. ಆದುದರಿಂದ ರಿಲೇಯಾಗಲಿ ಟ್ರಯಾಕಾಗಲಿ ನಡುವೆ ನಿಲ್ಲಬೇಕು. ಟ್ರಯಾಕಿಗೆ ಆಜ್ಞೆಯನ್ನು ಬೆಳಕಿನ ಮೂಲಕ ದಾಟಿಸಿ, ಚಿಪ್ಪನ್ನು ಮನೆಯ ವಿದ್ಯುತ್ತಿನಿಂದ ಬೇರ್ಪಡಿಸುವುದು ವಾಡಿಕೆ. ನೀರು ನಿಧಾನವಾಗಿ ಕಾಯುವ ವಸ್ತು. ಆದಕಾರಣ ಕೆಲವು ಸೆಕೆಂಡು ಹಚ್ಚಿ, ಕೆಲವು ಸೆಕೆಂಡು ಆರಿಸಿದರೆ ಸಾಕು. ವೋಲ್ಟೇಜು ಸೊನ್ನೆಯನ್ನು ದಾಟುವ ಕ್ಷಣದಲ್ಲಿ ಹಚ್ಚಿದರೆ ತಂತಿಯಲ್ಲಿ ಗದ್ದಲವೂ ಕಡಿಮೆ.

ಇಲ್ಲಿ ಒಂದು ಅಂಶವು ವಿಚಾರಾರ್ಹ. ರಿಲೇಯ ಸಂಪರ್ಕಗಳು ಬೆಸೆದುಕೊಂಡರೆ, ಟ್ರಯಾಕು ಕೆಟ್ಟು ಸದಾ ಪ್ರವಾಹವನ್ನು ಹರಿಯಬಿಟ್ಟರೆ, ಚಿಪ್ಪಿನ ಆಜ್ಞೆ ನಿಷ್ಫಲ. ನೀರು ಕುದಿಯುತ್ತ ಹೋಗಿ, ಮುಚ್ಚಿದ ತೊಟ್ಟಿಯು ಸಿಡಿಯುವ ಅಪಾಯವಿದೆ. ಚಿಪ್ಪನ್ನು ಅವಲಂಬಿಸದ ಉಷ್ಣಚ್ಛೇದಕ, ಒತ್ತಡದ ಕವಾಟ ಹಾಗೂ ಭೂಸಂಪರ್ಕ, ಈ ಮೂರೂ ಅನಿವಾರ್ಯ. ಹೊಸ ಸಾಧನವು ಬಂದಾಗ ಹಳೆಯದು ಅಳಿಯುವುದೆಂಬ ಸರಳ ನಿಯಮ ಇಲ್ಲಿ ಸಲ್ಲದು.

ಇನ್ನೊಂದು ಮಿತಿಯೂ ಉಂಟು. ಮನೆಯ ಚಿಪ್ಪು ತನ್ನ ತೊಟ್ಟಿಯನ್ನು ಮಾತ್ರ ಬಲ್ಲುದು; ಮುಂಜಾನೆ ನೆರೆಯ ಗೀಸರುಗಳೆಲ್ಲ ಒಮ್ಮೆಗೇ ಹೊತ್ತಿಕೊಳ್ಳುವುದನ್ನು ಅರಿಯದು. ನ್ಯೂಜಿಲೆಂಡಿನಲ್ಲಿ ವಿದ್ಯುತ್ ಸರಬರಾಜುದಾರರು ತಂತಿಯ ಮೂಲಕವೇ ಸಂಕೇತ ಕಳುಹಿಸಿ ಮನೆಮನೆಯ ಹೀಟರುಗಳನ್ನು ಕೆಲಕಾಲ ಆರಿಸುವ ಪದ್ಧತಿಯನ್ನು ರೂಢಿಸಿದರು. ಕರ್ನಾಟಕವು ಬೇರೊಂದು ದಾರಿ ಹಿಡಿದು, 2007ರಲ್ಲಿ ನಿರ್ದಿಷ್ಟ ವರ್ಗದ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು.

ಒಲೆಯ ಮುಂದೆ ಕುಳಿತವಳ ಎಚ್ಚರವು ಕ್ರಮೇಣ ಲೋಹಕ್ಕೂ ಚಿಪ್ಪಿಗೂ ಶಾಸನಕ್ಕೂ ಹಂಚಿಹೋಯಿತು. ಆ ಶ್ರಮವು ಇಳಿದುದು ನಿಜವಾದ ಲಾಭ. ಆದರೆ ಎಚ್ಚರದ ಹೊಣೆ ಇಳಿಯಲಿಲ್ಲವೆಂಬುದನ್ನು ಇತಿಹಾಸಾಭ್ಯಾಸಿಗಳು ಗಮನಿಸತಕ್ಕುದು.