ಮೆಚ್ಚಲಾಗದ ನಾಯಕ: ಜನ್ನನ ಯಶೋಧರ

ಮಾಟ, ರಕ್ತ, ಕತ್ತಲೆಗಳಿಂದ ತುಂಬಿದ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ನಮ್ಮ ಬಂಧುಬಳಗದ ಎಳೆಯರು ಈಗ ಆಸೆಯಿಂದ ಓದುತ್ತಾರೆ. ಅವರ ದೂರು ಒಂದೇ: ನಾಯಕ ಚಿಕ್ಕ ಪ್ರಾಯದವನಾದರೂ ಅವನನ್ನು ಕಂಡರೆ ಸಿಟ್ಟು ಬರುತ್ತದೆ, ಪುಸ್ತಕವನ್ನು ಮಾತ್ರ ಕೆಳಗಿಡಲಾಗುವುದಿಲ್ಲ. ಇದೇನು ಹೊಸ ಅನುಭವವಲ್ಲ. ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ ಜನ್ನ 1209ರಲ್ಲಿ ಬರೆದು ಮುಗಿಸಿದ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಅದರ ರುಚಿ ಗೊತ್ತು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕಥೆ ನೆನಪಿರಬಹುದು. ಚಂಡಮಾರಿಯ ಗುಡಿಯಲ್ಲಿ ಬಲಿಗೆ ತಂದ ಅಭಯರುಚಿಯೆಂಬ ಬಾಲಕ, ಕತ್ತಿ ಹಿಡಿದ ಮಾರಿದತ್ತರಾಜನ ಮುಂದೆ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾನೆ. ಒಂದು ಜನ್ಮದಲ್ಲಿ ಅವನೇ ಉಜ್ಜಯಿನಿಯ ಅರಸ ಯಶೋಧರ. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು, ಹಾಡಿದ ಕುರೂಪಿ ಮಾವಟಿಗ ಅಷ್ಟಾವಂಕನ ಬಳಿಗೆ ಹೋಗುತ್ತಾಳೆ. ತಡವಾಗಿ ಬಂದಳೆಂದು ಅವನು ಅವಳನ್ನು ಹೊಡೆಯುವುದನ್ನು ಯಶೋಧರ ಮರೆಯಲ್ಲಿ ನಿಂತು ನೋಡುತ್ತಾನೆ. ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಅದು ದೊಡ್ಡತನವೇ ಹೌದು. ಆದರೆ ಮರುದಿನ ಆಟಕ್ಕೆಂಬಂತೆ ನೈದಿಲೆಯಿಂದ ಅವಳಿಗೆ ಹೊಡೆದು, ಅವಳು ಮೂರ್ಛೆಹೋದಾಗ ಚುಚ್ಚುಮಾತನಾಡುವ ಸಣ್ಣತನವೂ ಅವನದೇ. ತಾಯಿ ಚಂದ್ರಮತಿಗೆ ಸತ್ಯ ಹೇಳದೆ, ಕೆಟ್ಟ ಕನಸು ಕಂಡೆನೆಂದು ನೆವ ಹೇಳುತ್ತಾನೆ. ಕನಸಿಗೆ ಶಾಂತಿಯಾಗಲು ಬಲಿ ಬೇಕೆಂದು ತಾಯಿ ಹಟಹಿಡಿದಾಗ ಜೀವಬಲಿಗೆ ಒಪ್ಪದೆ, ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ.

ಬಿಡುವಿನ ತರಗತಿಯಲ್ಲಿ ಈ ಕಥೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಅವನು ಅವಳನ್ನೇ ಯಾಕೆ ಕೇಳಲಿಲ್ಲ?” ಎಂದಳು. ಯಾವ ವಿಮರ್ಶಾಗ್ರಂಥದ ಪ್ರಶ್ನೆಗೂ ಇದು ಕಡಿಮೆಯದಲ್ಲ. ಯಶೋಧರ ಯಾರ ಮುಂದೆಯೂ ನೇರವಾಗಿ ಬಾಯಿಬಿಡುವುದಿಲ್ಲ. ಮುಂದಿನ ದುರಂತವೆಲ್ಲ ಆ ಮೌನದಿಂದ ಹುಟ್ಟುತ್ತದೆ. ಕತ್ತಿ ತಾಗಿದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಅಮೃತಮತಿ ತಾಯಿ-ಮಗನಿಗೆ ವಿಷವಿಕ್ಕುತ್ತಾಳೆ. ಮಗ ನವಿಲು, ತಾಯಿ ನಾಯಿ. ಆಮೇಲೆ ಮತ್ತೆ ಮತ್ತೆ ಪ್ರಾಣಿಜನ್ಮ. ಕೊನೆಗೆ ಇಬ್ಬರೂ ಕೋಳಿಗಳಾಗಿ, ಯಶೋಧರನ ಸ್ವಂತ ಮಗ ಯಶೋಮತಿಯ ಬಾಣಕ್ಕೆ ಸಾಯುತ್ತಾರೆ. ಅವನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ.

ಕಥೆ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿ 959ರಲ್ಲಿಯೇ ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪು’ ಬರೆದಿದ್ದ; ಜನ್ನನಿಗೆ ಹತ್ತಿರದ ಮಾದರಿ ವಾದಿರಾಜನ ಕಾವ್ಯ. ಜನ್ನ ಅದನ್ನು ನಾಲ್ಕು ಅವತಾರಗಳಿಗೆ, ಬಹುಪಾಲು ಕಂದಪದ್ಯಗಳಿಗೆ ಬಿಗಿದು ಕಟ್ಟಿದ. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ನಾಟಕ ಮಾಡಿದರು.

ಜನ್ನನ ಲೆಕ್ಕದಲ್ಲಿ ಹಿಟ್ಟಿನ ಕೋಳಿಯೂ ಕೊಲೆಯೇ, ಏಕೆಂದರೆ ಕೊಲ್ಲುವ ಸಂಕಲ್ಪ ಅಲ್ಲಿದೆ. ಅದೇ ಹದಿಮೂರನೆಯ ಶತಮಾನದಲ್ಲಿ ನಮ್ಮ ಪಕ್ಕದ ಉಡುಪಿಯಲ್ಲಿದ್ದ ಮಧ್ವಾಚಾರ್ಯರು, ಯಜ್ಞದಲ್ಲಿ ಜೀವಂತ ಪಶುವಿನ ಬದಲು ಪಿಷ್ಟಪಶು, ಅಂದರೆ ಹಿಟ್ಟಿನ ಪಶು ಸಾಕೆಂದು ವಿಧಿಸಿದರೆಂಬುದು ಸಂಪ್ರದಾಯದ ಮಾತು. ಒಂದೇ ಹಿಟ್ಟು: ಒಬ್ಬರಿಗೆ ಹಿಂಸೆಯ ಬೀಜ, ಇನ್ನೊಬ್ಬರಿಗೆ ಅಹಿಂಸೆಯ ದಾರಿ. ಈ ಎರಡನ್ನೂ ಜೊತೆಗಿಟ್ಟು ಪಾಠ ಮಾಡಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಮಂಗಳೂರಿನ ಮಕ್ಕಳಿಗಂತೂ ಇದು ದೂರದ ಸಂಗತಿಯಲ್ಲ. ಭೂತಕ್ಕೆ ಕೋಳಿ ಕೊಡುವುದನ್ನೂ ಆಯುಧಪೂಜೆಯಂದು ಕುಂಕುಮ ತುಂಬಿದ ಬೂದುಗುಂಬಳವನ್ನು ವಾಹನದ ಮುಂದೆ ಒಡೆಯುವುದನ್ನೂ ಅವರು ಕಂಡೇ ಬೆಳೆದವರು. ಜನ್ನನನ್ನು ಕೇಳಿದರೆ ಆ ಕುಂಬಳಕಾಯಿಗೂ ಒಂದು ಕೂಗು ಇದ್ದೀತು.

ಇನ್ನು ಅಮೃತಮತಿಯನ್ನು ನರಕಕ್ಕೆ ಕಳುಹಿಸಿ ಕೈತೊಳೆದುಕೊಳ್ಳುವ ಜನ್ನನ ತೀರ್ಪನ್ನು ನಾನು ಒಪ್ಪಲಾರೆ. ಹಾಡಿಗೆ ಅವಳು ಸೋಲುವ ಇರುಳನ್ನು ಅಷ್ಟು ಚೆನ್ನಾಗಿ ಬರೆದ ಕವಿಗೇ ಆ ತೀರ್ಪಿನಲ್ಲಿ ಎಷ್ಟು ನಂಬಿಕೆಯಿತ್ತೋ! ಯಶೋಧರನ ಮೇಲೆ ಮಾತ್ರ ನನ್ನ ಸಿಟ್ಟು ಕೊನೆಗೆ ಸ್ವಲ್ಪ ಇಳಿಯುತ್ತದೆ. ತನ್ನ ಸಣ್ಣತನವನ್ನೆಲ್ಲ ಬಚ್ಚಿಡದೆ ಹೇಳುತ್ತಿರುವವನು ಅವನೇ ಅಲ್ಲವೆ? ಅದೂ ಕುತ್ತಿಗೆಗೆ ಕತ್ತಿ ಬರುವ ಹೊತ್ತಿನಲ್ಲಿ, ಕೇಳುತ್ತಿರುವ ಅರಸ ಅದೇ ತಪ್ಪಿನ ಹೊಸ್ತಿಲಲ್ಲಿ ನಿಂತಿರುವಾಗ. ಮಾರಿದತ್ತ ಕತ್ತಿಯನ್ನು ಕೆಳಗಿಟ್ಟ.